ಗರುಡನೂ ಅಲ್ಲ, ಸರ್ಪವೂ ಅಲ್ಲ

ಕಳೆದ ಸಲ ಇದೇ ಪುಟದಲ್ಲಿ ಪಿಂಗಾಣಿಯ ಬಗ್ಗೆ ಎರಡು ಸಾಲು ಬರೆದದ್ದೇ ನೆಪವಾಯಿತು. ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಚೀನಾದ ಬಟ್ಟಲು, ತಟ್ಟೆ, ಭರಣಿಗಳದ್ದು. ಹಿತ್ತಾಳೆ ದೀಪದವರೂ ಗೋಡೆ ಗಡಿಯಾರದವರೂ ಮುಂದಿನ ತಿಂಗಳವರೆಗೆ ತಾಳ್ಮೆಯಿಂದಿರಬೇಕು. ಮುಂಬೈಯ ಒಂದು ಪ್ರಯೋಗಾಲಯದಲ್ಲಿ 28 ವರ್ಷ ಒಡೆದ ಪಿಂಗಾಣಿ ಕೂಡಿಸಿಕೊಂಡಿದ್ದವಳು ನಾನು. ಈ ವಿಷಯ ಬಂದರೆ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ.

ಪ್ರಶ್ನೆ: ಅಜ್ಜ ಮುಂಬೈಯಿಂದ ತಂದ ಒಂದು ಪಿಂಗಾಣಿ ಬಟ್ಟಲು ನಮ್ಮಲ್ಲಿದೆ. ಹೊರಗೆ ಕೆಂಪು ಮತ್ತು ಹಸಿರು ಸರ್ಪಗಳು, ನಡುನಡುವೆ ಗರುಡ ಪಕ್ಷಿಗಳು. ಒಳಗೆ ತಳದಲ್ಲಿ ಒಂದೇ ಕೆಂಪು ಸರ್ಪ. ಅಜ್ಜಿ ಇದರಲ್ಲಿ ಅರಿಶಿನದ ಕೊಂಬು ಇಡುತ್ತಿದ್ದರು. ಈಚೆಗೆ ಮನೆಗೆ ಬಂದವರೊಬ್ಬರು, ‘ಗರುಡ-ಸರ್ಪ ಹುಟ್ಟಾ ವೈರಿಗಳು, ಇದು ಮನೆಯಲ್ಲಿದ್ದರೆ ಗಂಡ-ಹೆಂಡತಿಗೆ ಜಗಳ ತಪ್ಪಿದ್ದಲ್ಲ’ ಎಂದರು. ಅಡಿಯಲ್ಲಿ ನೀಲಿ ಬಣ್ಣದ ಆರು ಅಕ್ಷರಗಳಿವೆ. ಇಟ್ಟುಕೊಳ್ಳಬಹುದೆ? ಎಷ್ಟು ಹಳೆಯದು? ನಾಲ್ಕು ಫೋಟೋ ಕಳಿಸಿದ್ದೇನೆ.
— ಗೃಹಿಣಿ, ಅಂಕೋಲಾ

ಜಗಳ ಆಗುವುದಿದ್ದರೆ ಬಟ್ಟಲಿಲ್ಲದೆಯೂ ಆಗುತ್ತದೆ ತಾಯಿ. ಈ ಬಟ್ಟಲಿನ ಮೇಲಂತೂ ಆ ಅಪವಾದ ಹೊರಿಸುವ ಹಾಗೇ ಇಲ್ಲ, ಯಾಕೆಂದರೆ ಅದರ ಮೇಲಿರುವುದೇ ಗಂಡ-ಹೆಂಡತಿ. ನೀವು ಸರ್ಪ ಅಂದುಕೊಂಡದ್ದು ಡ್ರ್ಯಾಗನ್. ನಾಲ್ಕು ಕಾಲಿದೆ, ಕೊಂಬಿದೆ, ಮೀಸೆಯಿದೆ, ನೋಡಿ. ಚೀನೀಯರಿಗೆ ಅದು ಮಳೆ-ಮೋಡದ ಒಡೆಯ, ಚಕ್ರವರ್ತಿಯ ಗುರುತು. ಗರುಡ ಅಂದುಕೊಂಡದ್ದು ಫೆಂಗ್‌ಹುವಾಂಗ್, ಇಂಗ್ಲಿಷಿನವರ ಬಾಯಲ್ಲಿ ಫೀನಿಕ್ಸ್. ಬೆಂಕಿಯಲ್ಲಿ ಬಿದ್ದು ಬೂದಿಯಿಂದ ಎದ್ದು ಬರುವ ಗ್ರೀಕರ ಹಕ್ಕಿಗೂ ಇದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಅಂಟಿಕೊಂಡಿದೆ. ಮೊದಮೊದಲು ಫೆಂಗ್ ಗಂಡು, ಹುವಾಂಗ್ ಹೆಣ್ಣು. ಡ್ರ್ಯಾಗನ್ ಪಕ್ಕದಲ್ಲಿ ಬಂದು ಕೂತಮೇಲೆ ಇಡೀ ಹಕ್ಕಿಯೇ ಹೆಣ್ಣಾಗಿ ಮಹಾರಾಣಿಯ ಗುರುತಾಯಿತು. ‘ಲುಂಗ್ ಫೆಂಗ್ ಚೆಂಗ್ ಶ್ಯಾಂಗ್’ ಎಂಬ ಮಾತಿದೆ, ಡ್ರ್ಯಾಗನ್ನೂ ಫೀನಿಕ್ಸೂ ಸೇರಿದರೆ ಶುಭ ಎಂದು. ಇವತ್ತಿಗೂ ಅಲ್ಲಿಯ ಮದುವೆ ಮನೆಗಳಲ್ಲಿ ಈ ಜೋಡಿ ಇಲ್ಲದೆ ಅಲಂಕಾರ ಆಗುವುದಿಲ್ಲ.

ಇನ್ನೊಂದು ನೋಡಿ. ಬಟ್ಟಲಿನ ಬಾಯಿಯ ಕೆಳಗೆ ಸುತ್ತಲೂ ಒಂದು ಪಟ್ಟಿ ಇದೆಯಲ್ಲ, ಎರಡನೇ ಫೋಟೋದಲ್ಲಿ ಚೆನ್ನಾಗಿ ಬಂದಿದೆ. ಭೂತಗನ್ನಡಿ ಹಿಡಿದು ಎಣಿಸಿ: ಚಕ್ರ, ಶಂಖ, ಛತ್ರ, ಧ್ವಜ, ಪದ್ಮ, ಕಲಶ, ಜೋಡಿ ಮೀನು, ತುದಿ-ಮೊದಲಿಲ್ಲದ ಗಂಟು. ಅಷ್ಟಮಂಗಳ! ಬೌದ್ಧಧರ್ಮದ ಜೊತೆ ನಮ್ಮ ಕಡೆಯಿಂದಲೇ ಹೋದ ಸರಕು. ಪ್ರತಿಯೊಂದಕ್ಕೂ ರಿಬ್ಬನ್ ಕಟ್ಟಿರುವುದು ಚೀನೀಯರ ಸೇರ್ಪಡೆ. ಅರಿಶಿನದ ಕೊಂಬು ಇಡಲು ನಿಮ್ಮ ಅಜ್ಜಿಗೆ ಇದಕ್ಕಿಂತ ಒಳ್ಳೆಯ ಬಟ್ಟಲು ಸಿಗುತ್ತಿರಲಿಲ್ಲ.

ಇನ್ನು ವಯಸ್ಸು. ತಕರಾರು ಇರುವುದೇ ಇಲ್ಲಿ. ಕೆಂಪೊಂದು ಹಸಿರೊಂದು ಡ್ರ್ಯಾಗನ್, ಹೂಬಳ್ಳಿಗಳ ನಡುವೆ ಹಾರುವ ಫೀನಿಕ್ಸ್, ಒಳಗೆ ಬೆಂಕಿಯುಗುಳುವ ಮುತ್ತಿನ ಬೆನ್ನು ಹತ್ತಿದ ಇನ್ನೊಂದು ಡ್ರ್ಯಾಗನ್: ಈ ನಮೂನೆಯನ್ನು ಕಾಂಗ್‌ಶಿ ಚಕ್ರವರ್ತಿಯ ಕಾಲದಿಂದ (1662–1722) ಗುವಾಂಗ್‌ಶು ಕಾಲದವರೆಗೆ (1875–1908) ಅರಮನೆಗಾಗಿ ಮಾಡುತ್ತಲೇ ಬಂದರು. ಚಕ್ರವರ್ತಿಗಳು ಬದಲಾದರು, ಬಟ್ಟಲು ಬದಲಾಗಲಿಲ್ಲ. ನಮ್ಮ ಇಳಕಲ್ ಸೀರೆಯ ಸೆರಗಿದ್ದ ಹಾಗೆ. ಹಾಗಾಗಿ ಚಿತ್ರ ನೋಡಿ ಇಸವಿ ಹೇಳುವವರನ್ನು ನಂಬಬೇಡಿ.

ಮಾಡಿದ ಊರು ಜಿಂಗ್‌ಡೆಜೆನ್, ಜಿಯಾಂಗ್‌ಶಿ ಪ್ರಾಂತದ್ದು. ಪಿಂಗಾಣಿಯ ಬಿಳಿ ಮಣ್ಣಿಗೆ ಜಗತ್ತೆಲ್ಲ ‘ಕೆಯೊಲಿನ್’ ಎನ್ನುವುದು ಆ ಊರಿನ ಹತ್ತಿರದ ಗಾವೊಲಿಂಗ್ ಗುಡ್ಡದ ಹೆಸರಿನಿಂದ. 1712ರಲ್ಲಿ ಅಲ್ಲಿದ್ದ ದಾಂತ್ರಕೋಲ್ ಎಂಬ ಫ್ರೆಂಚ್ ಪಾದ್ರಿ ಊರಿಗೆ ಕಾಗದ ಬರೆಯುತ್ತ, ಒಂದು ಪಾತ್ರೆ ಮುಗಿಯುವಷ್ಟರಲ್ಲಿ 70 ಜನರ ಕೈ ದಾಟುತ್ತದೆ ಎಂದಿದ್ದಾನೆ. ಒಬ್ಬ ಗೆರೆ ಮಾತ್ರ ಎಳೆಯುವವನು, ಇನ್ನೊಬ್ಬ ಬಣ್ಣ ತುಂಬುವವನು. ನಿಮ್ಮ ಬಟ್ಟಲಿನ ಹಸಿರು ಡ್ರ್ಯಾಗನ್ ಬರೆದವನು ಕೆಂಪು ಡ್ರ್ಯಾಗನ್ನನ್ನು ಮುಟ್ಟಿರಲಿಕ್ಕಿಲ್ಲ.

ಈಗ ಒಂದು ಕೆಲಸ ಮಾಡಿ. ಬಟ್ಟಲನ್ನು ಮಡಿಲಲ್ಲಿ ಟವೆಲ್ ಹಾಸಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಹೊರಮೈ ಮೇಲೆ ತೋರುಬೆರಳು ಆಡಿಸಿ. ಕೆಂಪು, ಹಸಿರು, ಹಳದಿ ಬಂದಲ್ಲಿ ಸಣ್ಣಗೆ ಏರು ಸಿಗುತ್ತದೆ, ಹಪ್ಪಳದ ಮೇಲಿನ ಜೀರಿಗೆಯ ಹಾಗೆ. ನೀಲಿ ಬಂದಲ್ಲಿ ನುಣುಪು. ಯಾಕೆಂದರೆ ನೀಲಿಯನ್ನು, ಅಂದರೆ ಕೊಬಾಲ್ಟನ್ನು, ಮೊದಲು ಹಸಿ ಪಾತ್ರೆಯ ಮೇಲೆ ಬರೆದು, ಮೇಲೆ ಮೆರುಗು ಕೊಟ್ಟು, ಸುಮಾರು 1,300 ಡಿಗ್ರಿಯಲ್ಲಿ ಸುಡುತ್ತಾರೆ. ಅದು ಗಾಜಿನಂಥ ಮೆರುಗಿನ ಅಡಿಯಲ್ಲಿ ಸಿಕ್ಕಿಬಿದ್ದಿರುತ್ತದೆ. ಉಳಿದ ಬಣ್ಣಗಳಿಗೆ ಆ ಕಾವು ತಡೆಯಲಾಗದು. ಅವು ಸೀಸ ಬೆರೆತ ಗಾಜಿನ ಪುಡಿ. ಹಸಿರಿಗೆ ತಾಮ್ರ, ಇಟ್ಟಿಗೆ ಕೆಂಪಿಗೆ ಕಬ್ಬಿಣ, ಬದನೆ ನೇರಳೆಗೆ ಮ್ಯಾಂಗನೀಸ್. ಅವನ್ನು ಸುಟ್ಟ ಪಾತ್ರೆಯ ಮೇಲೆ ಹಚ್ಚಿ, ಇನ್ನೊಂದು ಸಣ್ಣ ಗೂಡಿನಲ್ಲಿ 700–800 ಡಿಗ್ರಿಯಲ್ಲಿ ಎರಡನೇ ಸಲ ಸುಡುತ್ತಾರೆ. ಈ ಎರಡು ಬೆಂಕಿಯ ಕೆಲಸಕ್ಕೆ ‘ವುತ್ಸಾಯ್’, ಐದು ಬಣ್ಣ, ಎಂದು ಹೆಸರು. ಮಿಂಗ್ ವಂಶದ ಜಿಯಾಜಿಂಗ್, ವಾನ್‌ಲಿ ಕಾಲದಲ್ಲೇ, ಅಂದರೆ 16ನೇ ಶತಮಾನದಲ್ಲೇ, ಇದು ಭರ್ಜರಿಯಾಗಿ ನಡೆದಿತ್ತು.

ಬೆರಳಿಗೆ ಎಲ್ಲ ಬಣ್ಣವೂ ಒಂದೇ ನುಣುಪಾಗಿ ಸಿಕ್ಕಿ, ಭೂತಗನ್ನಡಿಯಲ್ಲಿ ದಿನಪತ್ರಿಕೆಯ ಚಿತ್ರದ ಹಾಗೆ ಚುಕ್ಕೆ ಚುಕ್ಕೆ ಕಂಡರೆ ಅದು ಅಚ್ಚಿನ ಸ್ಟಿಕ್ಕರ್ ಅಂಟಿಸಿ ಸುಟ್ಟದ್ದು. ನಿಮ್ಮದು ಹಾಗಲ್ಲ. ಮೂರನೇ ಫೋಟೋದಲ್ಲಿ ಹಸಿರು ಡ್ರ್ಯಾಗನ್ನಿನ ಹಿಂಗಾಲಿನ ಹತ್ತಿರ ಬಣ್ಣ ಗೆರೆ ದಾಟಿ ಚೂರು ಹರಿದಿದೆ. ಅದು ಮನುಷ್ಯನ ಕೈ.

ಅಡಿಯ ಅಕ್ಷರ ಕೊನೆಗೆ ನೋಡುವಂಥದ್ದು. ಎಲ್ಲರೂ ಮೊದಲು ಅದನ್ನೇ ನೋಡುತ್ತಾರೆ, ಮೋಸ ಹೋಗುತ್ತಾರೆ. ಮೇಲಿನಿಂದ ಕೆಳಗೆ, ಬಲದಿಂದ ಎಡಕ್ಕೆ ಓದಬೇಕು. ನಿಮ್ಮದರಲ್ಲಿ ‘ದಾ ಚಿಂಗ್ ಗುವಾಂಗ್‌ಶು ನಿಯೆನ್ ಜ್ಹಿ’ ಎಂದಿದೆ: ಮಹಾ ಚಿಂಗ್ ವಂಶದ ಗುವಾಂಗ್‌ಶು ಕಾಲದಲ್ಲಿ ಮಾಡಿದ್ದು. ಕಾಂಗ್‌ಶಿ ಕಾಲದ್ದಾದರೆ ಸಾಮಾನ್ಯವಾಗಿ ಸುತ್ತ ಎರಡು ನೀಲಿ ವೃತ್ತ ಇರುತ್ತಿತ್ತು. ಕಾಂಗ್‌ಶಿಯ ಮೊಮ್ಮಗ ಚಿಯೆನ್‌ಲುಂಗ್ ಚಕ್ರವರ್ತಿಯ ಕಾಲದ್ದಾದರೆ ಅಕ್ಷರಗಳು ಮುದ್ರೆಯ ಹಾಗೆ ಚೌಕ ಚೌಕ. ಡ್ರ್ಯಾಗನ್ನಿನ ಮುಖವೂ ಅದನ್ನೇ ಹೇಳುತ್ತದೆ. ಕಾಂಗ್‌ಶಿಯ ಡ್ರ್ಯಾಗನ್ ಒಣಕಲು, ಸಿಡುಕು, ಈಗಲೋ ಆಗಲೋ ಎರಗುವ ಹಾಗಿರುತ್ತದೆ. ಗುವಾಂಗ್‌ಶುವಿನದು ಕಣ್ಣು ಬಿಟ್ಟುಕೊಂಡು ಬೆಳಿಗ್ಗೆ ಹಾಲಿನವನಿಗೆ ಕಾಯುತ್ತಿರುವ ಹಾಗೆ. ನಿಮ್ಮದು ಹಾಲಿಗೆ ಕಾಯುತ್ತಿದೆ. ಫೋಟೋ ಮೇಲೆ ಪ್ರಮಾಣ ಮಾಡಲಾರೆ, ಆದರೆ ಬಟ್ಟಲೂ ಅಕ್ಷರವೂ ಒಂದಕ್ಕೊಂದು ಒಪ್ಪುತ್ತಿವೆ.

ಹಾಗಂತ ಇದರಲ್ಲಿ ಮಹಾರಾಣಿ ಉಂಡಳು ಎಂದು ನೆಂಟರಿಗೆ ಹೇಳಬೇಡಿ. ಚಿಂಗ್ ಅರಮನೆಯಲ್ಲಿ ಪಾತ್ರೆಗೂ ಪಂಕ್ತಿಭೇದವಿತ್ತು. ಒಳಗೂ ಹೊರಗೂ ಹಳದಿ ಇದ್ದದ್ದು ಪಟ್ಟದರಾಣಿಗೆ. ಹೊರಗೆ ಹಳದಿ ಒಳಗೆ ಬಿಳಿ ಅವಳ ಕೆಳಗಿನವಳಿಗೆ. ಆಮೇಲೆ ಹಳದಿ ಮೇಲೆ ಹಸಿರು ಡ್ರ್ಯಾಗನ್, ನೀಲಿ ಮೇಲೆ ಹಳದಿ ಡ್ರ್ಯಾಗನ್, ಹಸಿರು ಮೇಲೆ ನೇರಳೆ ಡ್ರ್ಯಾಗನ್, ಹೀಗೆ ಇಳಿಯುತ್ತ ಬಂದು, ಐದು ಬಣ್ಣದಲ್ಲಿ ಕೆಂಪು ಡ್ರ್ಯಾಗನ್ ಇರುವ ಪಾತ್ರೆ ‘ಚಾಂಗ್‌ಜಾಯ್’ ಎಂಬ ಕೆಳದರ್ಜೆಯ ರಾಣಿವಾಸದವರ ಪಾಲಿಗೆ. ನನಗೇನೋ ಆ ಬರೀ ಹಳದಿ ಬಟ್ಟಲಿಗಿಂತ ಇದೇ ಚೆಂದ.

ಪ್ರಶ್ನೆ: ಆನ್‌ಲೈನಿನಲ್ಲಿ ಕಾಂಗ್‌ಶಿ ಕಾಲದ ಹೂದಾನಿ ಎಂದು 18,000 ರೂಪಾಯಿ ಕೊಟ್ಟು ತರಿಸಿದೆ. ಡ್ರ್ಯಾಗನ್, ಫೀನಿಕ್ಸ್, ಗುಲಾಬಿ ಬಣ್ಣದ ದೊಡ್ಡ ಹೂಗಳು. ಜೊತೆಗೆ ಸರ್ಟಿಫಿಕೇಟೂ ಬಂದಿದೆ. ಅಸಲಿಯೇ?
— ನಿವೃತ್ತ ಶಿಕ್ಷಕ, ಹುಬ್ಬಳ್ಳಿ

ಮೇಷ್ಟ್ರೇ, ಗುಲಾಬಿ ಬಣ್ಣವೇ ಕೈಕೊಟ್ಟಿತು. ಪಿಂಗಾಣಿ ಮೇಲಿನ ಆ ಗುಲಾಬಿ ಬರುವುದು ಚಿನ್ನದಿಂದ. ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾಗಿಸಿ ಗಾಜಿನಲ್ಲಿ ಬೆರೆಸಿದರೆ ಬಣ್ಣ ಗುಲಾಬಿಗೆ ತಿರುಗುತ್ತದೆ. ಚೀನಾದಲ್ಲಿ ಅದು ಕೈಗೆ ಹತ್ತಿದ್ದು 1720ರ ಆಸುಪಾಸಿನಲ್ಲಿ. ಕಾಂಗ್‌ಶಿ ತೀರಿಕೊಂಡದ್ದು 1722ರಲ್ಲಿ. ಗುಲಾಬಿ ಮೆರೆದದ್ದು ಅವನ ಮಗ ಯೊಂಗ್‌ಜೆಂಗ್ ಕಾಲದಿಂದ. ಹೂದಾನಿಯ ತುಂಬ ಗುಲಾಬಿ ತುಂಬಿಕೊಂಡು ಅಡಿಯಲ್ಲಿ ಕಾಂಗ್‌ಶಿ ಎಂದು ಬರೆದುಕೊಂಡರೆ, ಅದು ತಾತನ ಮದುವೆಯ ಫೋಟೋದಲ್ಲಿ ಮೊಬೈಲ್ ಕಂಡ ಹಾಗೆ.

ಬೇಜಾರು ಮಾಡಿಕೊಳ್ಳಬೇಡಿ. ಹಿಂದಿನ ಚಕ್ರವರ್ತಿಯ ಹೆಸರು ಬರೆಯುವುದು ಅಲ್ಲಿ ಯಾವಾಗಲೂ ಮೋಸವೇ ಆಗಿರಲಿಲ್ಲ. ಕಾಂಗ್‌ಶಿ ಕಾಲದ ಕುಂಬಾರರೇ 15ನೇ ಶತಮಾನದ ಚೆಂಗ್‌ಹುವಾ ಹೆಸರು ಬರೆಯುತ್ತಿದ್ದರು, 19ನೇ ಶತಮಾನದವರು ಕಾಂಗ್‌ಶಿ ಹೆಸರು. ಹಿರಿಯರ ನೆನಪಿಗೆ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟ ಹಾಗೆ. ಸರ್ಟಿಫಿಕೇಟ್ ಮಾತ್ರ ಮೋಸ. ಮಾರುವವನೇ ಬರೆದುಕೊಟ್ಟ ಕಾಗದ ಅದು.

ನಾನೇನು ಜಾಣಳಲ್ಲ. 1994ರಲ್ಲಿ ಹಾಂಕಾಂಗಿಗೆ ಹೋದಾಗ ಹಾಲಿವುಡ್ ರೋಡಿನ ಒಂದು ಅಂಗಡಿಯಲ್ಲಿ ಅಂಗೈಯಗಲದ ಒಂದು ಸಾಸರ್ ಕೊಂಡೆ. ಹಸಿರು ಡ್ರ್ಯಾಗನ್, ಆರು ಅಕ್ಷರ, ಅಡಿಯ ಬಳೆಯಲ್ಲಿ, ಅಂದರೆ ಸಾಸರ್ ಕೂರುವ ದುಂಡನೆಯ ಅಂಚಿನಲ್ಲಿ, ಮುನ್ನೂರು ವರ್ಷದ ಕೊಳೆ. ಎರಡು ತಿಂಗಳ ಸಂಬಳ. ಊರಿಗೆ ಬಂದು ಒದ್ದೆ ಹತ್ತಿ ಒತ್ತಿದೆ, ಮುನ್ನೂರು ವರ್ಷದ ಕೊಳೆ ಮೂರು ನಿಮಿಷದಲ್ಲಿ ಟೀ ಬಣ್ಣಕ್ಕೆ ಕರಗಿ ಬಂತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಳೆಯ ಮೇಲಿನ ಗೀರುಗಳೆಲ್ಲ ಒಂದೇ ದಿಕ್ಕಿಗೆ, ಸ್ಯಾಂಡ್‌ಪೇಪರಿನದು. ನಿಜವಾಗಿ ಬಳಸಿ ಸವೆದದ್ದರಲ್ಲಿ ಗೀರು ಅಡ್ಡಾದಿಡ್ಡಿ ಇರುತ್ತದೆ, ಒಂದು ಆಳ, ಒಂದು ತೆಳು. ಇನ್ನೊಂದು ಪರೀಕ್ಷೆ ಅಲ್ಲೇ ಮಾಡಬಹುದಿತ್ತು: ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಹಳೆಯ ಹಸಿರು, ನೀಲಿ ಎನಾಮಲ್ಲಿನ (ಮೆರುಗಿನ ಮೇಲೆ ಹಚ್ಚಿದ ಬಣ್ಣದ) ಸುತ್ತ ಎಣ್ಣೆ ಬಿದ್ದ ನೀರಿನ ಮೇಲಿನಂಥ ಮಳೆಬಿಲ್ಲಿನ ಅಂಚು ಅನೇಕ ಸಲ ಕಾಣುತ್ತದೆ. ಅಂಗಡಿಯವನು ಟ್ಯೂಬ್‌ಲೈಟಿನ ಕೆಳಗೆ ತೋರಿಸಿದ, ನಾನು ನೋಡಿದೆ. ಈಗ ಆ ಸಾಸರಿನಲ್ಲಿ ಗುಂಡುಸೂಜಿ ಇಡುತ್ತೇನೆ.

ಹಣ ವಾಪಸ್ ಕೇಳಿ. ಕೊಡದಿದ್ದರೆ ಹೂ ಇಡಿ, ಹೂದಾನಿಯೇ ತಾನೆ.

ಪ್ರಶ್ನೆ: ನಮ್ಮ ಮಾವನವರ ಪೆಟ್ಟಿಗೆಯಲ್ಲಿ ಆರು ಟೀ ಕಪ್ ಸಿಕ್ಕಿವೆ. ಹೊರಗೆ ಉಬ್ಬಿದ ಬೂದು ಡ್ರ್ಯಾಗನ್. ಖಾಲಿ ಕಪ್ಪನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಒಬ್ಬ ಹೆಂಗಸಿನ ಮುಖ ಕಾಣುತ್ತದೆ! ಮಕ್ಕಳು ಹೆದರಿದ್ದಾರೆ.
— ಓದುಗಿ, ತುಮಕೂರು

ಹೆದರುವಂಥದ್ದಲ್ಲ. ಅದು ಚೀನಾದ್ದೂ ಅಲ್ಲ, ಜಪಾನಿನದು. 20ನೇ ಶತಮಾನದಲ್ಲಿ ರಫ್ತಿಗೆಂದು ರಾಶಿ ರಾಶಿ ಮಾಡಿದರು. ಪಿಂಗಾಣಿಯನ್ನು ಕೆಲವೆಡೆ ತೆಳು, ಕೆಲವೆಡೆ ದಪ್ಪ ಮಾಡಿದರೆ ಬೆಳಕು ಹೆಚ್ಚುಕಡಿಮೆ ತೂರಿ ಚಿತ್ರ ಮೂಡುತ್ತದೆ. ಆ ಮುಖ ಗೇಷಾದ್ದು, ಅಲ್ಲಿಯ ಹಾಡು-ಕುಣಿತದ ಕಲಾವಿದೆಯದು. ಡ್ರ್ಯಾಗನ್ನಿನ ಉಗುರು ಎಣಿಸಿ, ಜಪಾನಿನದಕ್ಕೆ ಸಾಮಾನ್ಯವಾಗಿ ಮೂರು, ಚೀನಾ ಚಕ್ರವರ್ತಿಯದಕ್ಕೆ ಐದು. ಟೀ ಕುಡಿಸುತ್ತ ಮಕ್ಕಳಿಗೇ ತೋರಿಸಿ, ಕಪ್ ಖಾಲಿ ಮಾಡಲು ಒಳ್ಳೆಯ ಉಪಾಯ.

ಪ್ರಶ್ನೆ: ಸಿಂಗಪುರದಲ್ಲಿ 12 ವರ್ಷದಿಂದ ಇದ್ದೇವೆ. ಇಲ್ಲಿ ಹಳೆಯ ಪಿಂಗಾಣಿಯಲ್ಲಿ ಎಲ್ಲಿ ನೋಡಿದರೂ ಫೀನಿಕ್ಸ್ ಮತ್ತು ಹೂವು, ಡ್ರ್ಯಾಗನ್ ಕಡಿಮೆ. ಗುಲಾಬಿ-ಹಸಿರು ಬಣ್ಣ ಕಣ್ಣಿಗೆ ಹೊಡೆಯುವ ಹಾಗಿದೆ. ಯಾಕೆ?
— ಸಾಫ್ಟ್‌ವೇರ್ ಉದ್ಯೋಗಿ

ನೀವು ನೋಡಿದ್ದು ನ್ಯೋನ್ಯ ಪಿಂಗಾಣಿ. ಮಲಯ ಸೀಮೆಯಲ್ಲಿ ತಲೆತಲಾಂತರದಿಂದ ನೆಲೆಸಿದ ಪೆರನಕಾನ್ ಚೀನೀ ಮನೆತನಗಳು 19ನೇ ಶತಮಾನದ ಕೊನೆ, 20ರ ಮೊದಲಲ್ಲಿ ಜಿಂಗ್‌ಡೆಜೆನ್ನಿಗೇ ಆರ್ಡರ್ ಕೊಟ್ಟು ಮಾಡಿಸಿದ್ದು. ಅರಮನೆಯ ಕಟ್ಟಳೆ ಇಲ್ಲಿಲ್ಲ. ಮದುವೆ, ಹುಟ್ಟುಹಬ್ಬ, ಹೊಸವರ್ಷಕ್ಕೆಂದು ಮನೆಯ ಹೆಂಗಸರ ಇಷ್ಟದಂತೆ ಬಂದದ್ದು. ಆದ್ದರಿಂದ ಹೆಣ್ಣಿನ ಗುರುತಾದ ಫೀನಿಕ್ಸು, ಜೊತೆಗೆ ಸಂಪತ್ತಿನ ಹೂವಾದ ಪಿಯೊನಿ. ಮುಚ್ಚಳದ ಮೇಲೆ ಪುಟ್ಟ ಸಿಂಹ ಕೂತ ಭರಣಿ ಸಿಕ್ಕಿದರೆ ಅದರ ಹೆಸರು ‘ಕಾಮ್‌ಚೆಂಗ್’. ಸಾವು ಸೂತಕದ ದಿನಗಳಲ್ಲಿ ಇದೆಲ್ಲ ಒಳಗೆ ಹೋಗಿ ನೀಲಿ-ಬಿಳಿ ಪಾತ್ರೆ ಹೊರಗೆ ಬರುತ್ತಿತ್ತು. ಬಣ್ಣ ಕಣ್ಣಿಗೆ ಹೊಡೆಯುತ್ತದೆ ಅಂದಿರಿ; ನಮ್ಮ ಮದುವೆ ಮನೆಯ ರೇಷ್ಮೆ ಸೀರೆಗಳನ್ನು ಒಮ್ಮೆ ನೆನೆಸಿಕೊಳ್ಳಿ. ಆರ್ಮೇನಿಯನ್ ಸ್ಟ್ರೀಟಿನ ಪೆರನಕಾನ್ ಮ್ಯೂಸಿಯಂ ನಿಮಗೆ ಹತ್ತಿರವೇ ಇದೆ, ಒಂದು ಭಾನುವಾರ ಹೋಗಿ ಬನ್ನಿ.

ಪ್ರಶ್ನೆ: ಚಿನ್ನದ ಅಂಚಿನ ಹಳೆಯ ಚೀನೀ ತಟ್ಟೆ ಮಸುಕಾಗಿದೆ. ಹೇಗೆ ತೊಳೆಯಲಿ? ಹಬ್ಬಕ್ಕೆ ಅದರಲ್ಲಿ ಬಡಿಸಬಹುದೆ?
— ಎಸ್., ಶಿವಮೊಗ್ಗ

ಹುಣಸೆಹಣ್ಣು ಮುಟ್ಟಿಸಬೇಡಿ! ನನಗೆ 16 ವರ್ಷವಿದ್ದಾಗ ತವರಿನಲ್ಲಿ ಇಂಥದ್ದೇ ಒಂದು ತಟ್ಟೆಯನ್ನು ಹಿತ್ತಾಳೆ ಚೆಂಬಿನ ಜೊತೆ ಸೇರಿಸಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಚೆಂಬು ಹೊಳೆಯಿತು. ತಟ್ಟೆಯ ಚಿನ್ನ ತೆಂಗಿನ ನಾರಿನಲ್ಲಿ ಉಳಿಯಿತು. ಅಮ್ಮ ಬೈಯಲಿಲ್ಲ, ತಟ್ಟೆಯನ್ನು ಅಟ್ಟಕ್ಕೆ ಹಾಕಿದರು, ಅಷ್ಟೆ.

ಆ ಚಿನ್ನ ಎಲ್ಲದಕ್ಕಿಂತ ಮೇಲೆ, ಎಲ್ಲದಕ್ಕಿಂತ ಕಡಿಮೆ ಕಾವಿನಲ್ಲಿ ಕೂತಿರುತ್ತದೆ, ಹಿಡಿತ ಕಡಿಮೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಟವೆಲ್ ಹಾಸಿ, ಉಗುರುಬೆಚ್ಚನೆ ನೀರಿಗೆ ಎರಡು ಹನಿ ಸೋಪು ಹಾಕಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಸಾಕು. ಬಳೆ, ಉಂಗುರ ಮೊದಲು ತೆಗೆದಿಡಿ. ಬಡಿಸುವುದು ಬೇಡ. ಈ ಬಣ್ಣಗಳಲ್ಲಿ ಸೀಸವಿದೆ ಎಂದೆನಲ್ಲ, ಸಾರು, ಉಪ್ಪಿನಕಾಯಿ, ನಿಂಬೆಹಣ್ಣಿನ ಚಿತ್ರಾನ್ನದ ಹುಳಿ ಅದನ್ನು ಹೊರಗೆಳೆಯುತ್ತದೆ. 2014ರಲ್ಲಿ ಹಾಂಕಾಂಗಿನಲ್ಲಿ ಲಿಯು ಯಿಚಿಯೆನ್ ಎಂಬ ಶ್ರೀಮಂತ 28 ಕೋಟಿ ಹಾಂಕಾಂಗ್ ಡಾಲರಿಗೆ ಕೋಳಿಗಳ ಚಿತ್ರವಿರುವ ಒಂದು ಚೆಂಗ್‌ಹುವಾ ಕಾಲದ ಬಟ್ಟಲು ಕೊಂಡು ಅದರಲ್ಲೇ ಟೀ ಕುಡಿದು ಫೋಟೋ ತೆಗೆಸಿಕೊಂಡ. ಅವನ ಬಟ್ಟಲು, ಅವನ ಹೊಟ್ಟೆ.

ಪ್ರಶ್ನೆ: ಮಗಳಿಗೆ ಅಮೆರಿಕಕ್ಕೆ ಅಜ್ಜಿಯ ಡ್ರ್ಯಾಗನ್ ತಟ್ಟೆ ಒಯ್ಯಬಹುದೆ?
— ಪಿ., ಮಂಗಳೂರು

ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾವಸ್ತು ಕಾಯ್ದೆಯಡಿ ಬರಬಹುದು. ಅಂಥದ್ದನ್ನು ಖಾಸಗಿಯವರು ದೇಶದಾಚೆ ಒಯ್ಯುವ ಹಾಗಿಲ್ಲ. ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತೋರಿಸಿ. ಪುರಾವಸ್ತು ಅಲ್ಲ ಎಂದು ಅವರು ಬರೆದುಕೊಟ್ಟರೆ ಧಾರಾಳವಾಗಿ ಒಯ್ಯಿರಿ. ವಿಮಾನ ನಿಲ್ದಾಣದಲ್ಲಿ ವಾದ ಮಾಡುವ ಪೈಕಿ ಇದಲ್ಲ.

ಪ್ರಶ್ನೆ: ಇಂಥ ಅಸಲಿ ಪಿಂಗಾಣಿ ನಮ್ಮ ದೇಶದಲ್ಲಿ ನೋಡಲು ಸಿಗುತ್ತದೆಯೆ?
— ಕಲಾ ವಿದ್ಯಾರ್ಥಿ, ಕಲಬುರಗಿ

ನಿಮಗೆ ಹೈದರಾಬಾದ್ ಹತ್ತಿರ, ಸಾಲಾರ್ ಜಂಗ್ ಮ್ಯೂಸಿಯಂ ನೋಡಿ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿ ಟಾಟಾ ಸಹೋದರರು, ರತನ್ ಮತ್ತು ದೊರಾಬ್, ಕೂಡಿಹಾಕಿದ ಚೀನೀ ಪಿಂಗಾಣಿಯಿದೆ. ಎಂದಾದರೂ ಲಂಡನ್ನಿಗೆ ಹೋದರೆ ಬ್ರಿಟಿಷ್ ಮ್ಯೂಸಿಯಮ್ಮಿನ 95ನೇ ಕೋಣೆ. ಅಲ್ಲಿರುವ ಸುಮಾರು 1,700 ಪಾತ್ರೆಗಳನ್ನು ಸಂಗ್ರಹಿಸಿದ ಪರ್ಸಿವಲ್ ಡೇವಿಡ್ ಹುಟ್ಟಿದ್ದು ಮುಂಬೈಯಲ್ಲಿ, 1892ರಲ್ಲಿ. ಅವನ ಹೆಸರಿನ ಜೋಡಿ ಹೂದಾನಿಗಳ ಮೇಲೆ 1351ರ ಇಸವಿಯನ್ನೇ ಬರೆದಿದೆ. ಅದರಲ್ಲೂ ಡ್ರ್ಯಾಗನ್, ಕುತ್ತಿಗೆಯಲ್ಲಿ ಫೀನಿಕ್ಸ್. ಆದರೆ ಬರೀ ನೀಲಿ. ಕೆಂಪು-ಹಸಿರು ಸೇರುವ ಮುಂಚೆ ಈ ಜೋಡಿ ಹೇಗಿತ್ತು ಎನ್ನುವುದಕ್ಕೆ ಒಂದು ಗಂಟೆ ಅಲ್ಲಿ ನಿಲ್ಲಬಹುದು. ನಾನು ನಿಂತಿದ್ದೆ, ಕಾವಲುಗಾರ ಕುರ್ಚಿ ತಂದುಕೊಟ್ಟ.

ಪ್ರಶ್ನೆ: ನಮ್ಮ ಡ್ರ್ಯಾಗನ್ ತಟ್ಟೆ ಎಂದೋ ಎರಡು ಹೋಳಾಗಿದ್ದು, ಹಿಂಬದಿಯಲ್ಲಿ ನಾಲ್ಕು ಲೋಹದ ಪಿನ್ನು ಹೊಡೆದು ಕೂಡಿಸಿದ್ದಾರೆ. ಅಸಹ್ಯವಾಗಿ ಕಾಣುತ್ತದೆ. ಕಿತ್ತು ಒಳ್ಳೆಯ ಅಂಟು ಹಾಕಲೆ?
— ವ್ಯಾಪಾರಿ, ದಾವಣಗೆರೆ

ಕೈ ಹಚ್ಚಬೇಡಿ. ಅಂಟಿಲ್ಲದ ಕಾಲದ ಕಸುಬು ಅದು. ಚೀನಾದಲ್ಲಿ ಊರೂರು ತಿರುಗುವ ರಿಪೇರಿಯವರು ವಜ್ರದ ಮೊನೆಯ ಬೈರಿಗೆಯಿಂದ ಎರಡೂ ಹೋಳಿಗೆ ತೂತು ಹಾಕಿ ಈ ಪಿನ್ನು ಕೂಡಿಸುತ್ತಿದ್ದರು. ತೂತು ಆಚೆ ಬದಿಗೆ ಹೋಗಬಾರದು, ತಟ್ಟೆಯ ದಪ್ಪದ ಅರ್ಧಕ್ಕೇ ನಿಲ್ಲಬೇಕು. ‘ವಜ್ರದ ಬೈರಿಗೆ ಇಲ್ಲದವನು ಪಿಂಗಾಣಿ ಕೆಲಸ ಒಪ್ಪಿಕೊಳ್ಳಬಾರದು’ ಎಂದು ಅಲ್ಲಿ ಗಾದೆಯೇ ಇದೆ. ತಟ್ಟೆಯನ್ನು ತಿರುಗಿಸಿ ಮುಂಭಾಗ ನೋಡಿ, ಪಿನ್ನಿನ ಸುಳಿವೂ ಇರುವುದಿಲ್ಲ. ಕಿತ್ತರೆ ಎಂಟು ತೂತು ಉಳಿಯುತ್ತವೆ, ಎಳೆಯುವಾಗ ಚಕ್ಕೆಯೂ ಏಳುತ್ತದೆ.

ಗೋಡೆಗೆ ತೂಗುಹಾಕುವ ಸ್ಪ್ರಿಂಗ್ ತಂತಿಯನ್ನು ಮಾತ್ರ ಇವತ್ತೇ ತೆಗೆಯಿರಿ. ಫೋಟೋದ ಮೂಲೆಯಲ್ಲಿ ಅದು ಕಂಡಿತು, ಹಳೆಯ ಬಿರುಕನ್ನು ಅದೇ ಬಾಯಿ ಬಿಡಿಸುತ್ತಿದೆ. ಮರದ ಸ್ಟ್ಯಾಂಡಿನ ಮೇಲೆ ಒರಗಿಸಿಡಿ, ಫ್ಯಾನಿನ ಗಾಳಿಗೆ ಪರದೆ ಹಾರಿ ತಾಗದಷ್ಟು ದೂರ.